ಕನ್ನಡಿ ಪಕ್ಕದ ಟ್ಯೂಬ್‌ಲೈಟು

ಗೌಸನ ಅಂಗೈಗೆ ಕಣ್ಣಿದೆ ಎಂದು ಜೋಗೇಶ್ವರಿಯ ಗ್ಯಾರೇಜ್ ಸಾಲಿನಲ್ಲಿ ಹೇಳುತ್ತಿದ್ದರು. ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲ ಮೇಲೆ ಕಣ್ಣು ಮುಚ್ಚಿ ಒಮ್ಮೆ ಕೈ ಆಡಿಸಿದನೆಂದರೆ ಎಲ್ಲಿ ತಗ್ಗು, ಎಲ್ಲಿ ಉಬ್ಬು, ಯಾವ ತಗ್ಗನ್ನು ಹಿಂದಿನವನು ಎಬ್ಬಿಸದೆ ಬರೀ ಪುಟ್ಟಿಯ ಲೇಪ ತುಂಬಿ ಮುಚ್ಚಿಹಾಕಿದ್ದಾನೆ, ಎಲ್ಲ ಹೇಳಿಬಿಡುತ್ತಿದ್ದ. ಮುದ್ದೇಬಿಹಾಳದಿಂದ ಮುಂಬಯಿಗೆ ಬಂದು ಮೂವತ್ತು ವರ್ಷ. ಮೂವತ್ತು ವರ್ಷವೂ ಇದೇ ಡೆಂಟಿಂಗ್ ಕೆಲಸ. ಕೈಗೆ ಕಣ್ಣು ಬಂದ ಮೇಲೆ ಮುಖದ ಕಣ್ಣಿಗೆ ರಜೆ ಸಿಕ್ಕಿತೋ ಏನೋ, ಕೆಲವು ವರ್ಷದಿಂದ ಹತ್ತಿರದ್ದೆಲ್ಲ ಮಂಜುಮಂಜು. ಆದರೂ ಚಷ್ಮಾ ಮಾತ್ರ ಬೇಡ. "ತಗ್ಗು ಹುಡುಕಾಕ ಕೈ ಐತಲ್ಲ" ಅನ್ನುವನು.

ಇಂಥವನ ಕೈಗೂ ಎಂಟು ವರ್ಷದಿಂದ ಬಗ್ಗದೆ ಉಳಿದದ್ದು ಮಗಳು ಶಬ್ರೀನಳ ಕೆನ್ನೆಯ ಮೇಲಿನ ತಗ್ಗುಗಳು.

ಹುಡುಗಿಗೆ ಹದಿನಾಲ್ಕಕ್ಕೆ ಮೊಡವೆ ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹದಿನೈದಕ್ಕೆ ಕೆನ್ನೆ ತುಂಬ ಕೆಂಪು ಗುಳ್ಳೆ. ಎದುರು ಮನೆಯ ಶರಣವ್ವ, ಕಲಬುರಗಿ ಕಡೆಯವಳು, ದಿನಕ್ಕೊಂದು ಮದ್ದು ಹೊತ್ತುಕೊಂಡು ಬರುತ್ತಿದ್ದಳು. ಇವತ್ತು ಲಿಂಬೆಹಣ್ಣು ತಿಕ್ಕು, ನಾಳೆ ಬೆಳ್ಳುಳ್ಳಿ ಅರೆದು ಹಚ್ಚು, ನಾಡಿದ್ದು ಟೂತ್‌ಪೇಸ್ಟ್. ಗೌಸನ ಹೆಂಡತಿ ಅಮೀರುನ್ನೀಸಾ ಒಂದನ್ನೂ ಬಿಡದೆ ಮಗಳ ಮುಖದ ಮೇಲೆ ಪ್ರಯೋಗ ಮಾಡಿದಳು. ಮುಖ ಉರಿಯಿತು, ಮೊಡವೆ ಇನ್ನಷ್ಟು ಎದ್ದವು. ಹುಡುಗಿ ಉಗುರಿನಿಂದ ಚಿವುಟಿದಳು. ಕೊನೆಗೆ ಮೊಡವೆಗಳೇನೋ ತಾವಾಗಿಯೇ ಹೋದವು, ಆದರೆ ಹೋಗುವಾಗ ಎರಡೂ ಕೆನ್ನೆಯಲ್ಲಿ ಗುಂಡಿ ತೋಡಿಟ್ಟು ಹೋದವು.

ನಡುವೆ ಕೊರೋನಾ ಬಂದು ಇಡೀ ಮುಂಬಯಿ ಮಾಸ್ಕ್ ಹಾಕಿಕೊಂಡಿತು. ಕೊರೋನಾ ಹೋಯಿತು, ಮುಂಬಯಿ ಮಾಸ್ಕ್ ತೆಗೆಯಿತು. ಶಬ್ರೀನ ತೆಗೆಯಲಿಲ್ಲ. ಕಾಲೇಜಿಗೆ ಮಾಸ್ಕ್, ಲೋಕಲ್ ರೈಲಿನಲ್ಲಿ ಮಾಸ್ಕ್, ಚಿಕ್ಕಪ್ಪನ ಮಗಳ ಮದುವೆಯ ಫೋಟೋದಲ್ಲೂ ಮಾಸ್ಕ್. ಪಾನಿಪುರಿಯನ್ನು ಮಾಸ್ಕಿನ ಕೆಳಗಿನಿಂದ ಬಾಯಿಗೆ ದಾಟಿಸುವ ಕಲೆಯಲ್ಲಿ ಅವಳಷ್ಟು ಪಳಗಿದವರು ಆ ಗಲ್ಲಿಯಲ್ಲೇ ಇರಲಿಲ್ಲ. ನೋಡಿದವರು ನಗುತ್ತಿದ್ದರು. ಗೌಸನೂ ನಗುತ್ತಿದ್ದ, ನಕ್ಕಾದ ಮೇಲೆ ಸುತ್ತಿಗೆಯನ್ನು ಸ್ವಲ್ಪ ಜೋರಾಗಿ ಬಡಿಯುತ್ತಿದ್ದ.

ಹೋದ ವರ್ಷ ಅವನೇ ಹಟ ಹಿಡಿದು ಅವಳನ್ನು ದೊಡ್ಡ ಸರ್ಕಾರಿ ಆಸ್ಪತ್ರೆಯ ಚರ್ಮದ ಓಪಿಡಿಗೆ ಕರೆದುಕೊಂಡು ಹೋದ. ಡಾಕ್ಟರ್ ವೈಶಾಲಿ ಕೆನ್ನೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಒತ್ತಿ, ದೀಪ ಹಿಡಿದು ನೋಡಿದರು. ಆಮೇಲೆ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಈ ಗುಂಡಿಗಳ ತಳದಲ್ಲಿ ಗಟ್ಟಿ ನಾರುಗಳಿವೆ, ಅವು ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದಿವೆ. ಮೇಲಿನಿಂದ ಕ್ರೀಮು ಹಚ್ಚಿದರೆ ಅವು ಬಿಡುವುದಿಲ್ಲ. ಸೂಜಿ ಒಳಗೆ ಹಾಕಿ ಆ ನಾರುಗಳನ್ನು ಬಿಡಿಸಿದರೆ ಚರ್ಮ ಮೆಲ್ಲಗೆ ಮೇಲೇಳುತ್ತದೆ.

ಗೌಸ ಕುರ್ಚಿಯ ತುದಿಗೆ ಬಂದ. "ಮತ್ಲಬ್ ಡಾಕ್ಟರ್ ಸಾಹೇಬಾ, ಪುಟ್ಟಿ ನಹೀ ಭರನಾ. ಅಂದರ್ ಸೇ ಉಠಾನಾ!" ಪುಟ್ಟಿ ತುಂಬುವುದಲ್ಲ, ಒಳಗಿನಿಂದ ಎಬ್ಬಿಸುವುದು: ಅವನದೇ ಕೆಲಸ.

"ಬಿಲ್ಕುಲ್," ಎಂದು ಡಾಕ್ಟರ್ ನಕ್ಕರು. "ನೀವೇನು ಕೆಲಸ ಮಾಡ್ತೀರಿ?"

ಅವನು ಹೇಳಿದ. ಡಾಕ್ಟರು ಇನ್ನೂ ಜೋರಾಗಿ ನಕ್ಕು, ಹಾಗಾದರೆ ನಾವಿಬ್ಬರೂ ಒಂದೇ ದಂಧೆಯವರು ಅಂದರು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದರು: ಪೂರ್ತಿ ಅಳಿಸಿಹೋಗುವುದಿಲ್ಲ. ಆರು ಸಲ ಬರಬೇಕು, ನಡುವೆ ಆರಾರು ವಾರ ಬಿಡಬೇಕು. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಬೇಕು, ಲಿಂಬೆಹಣ್ಣನ್ನು ಸಾರಿಗೆ ಬಿಟ್ಟು ಬೇರೆಲ್ಲೂ ಹಾಕಕೂಡದು. ಅರ್ಧಕ್ಕಿಂತ ಹೆಚ್ಚು ಕಡಿಮೆಯಾದರೆ ನನ್ನ ಕೆಲಸ ಚೆನ್ನಾಗಿ ಆಯಿತು ಅಂತ ತಿಳೀರಿ.

ಶಬ್ರೀನ ಐದು ಸಲ ಹೋಗಿ ಬಂದಳು. ಪ್ರತಿ ಸಲ ಮುಖ ಬಾತು, ನೀಲಿಗಟ್ಟಿ, ಒಂದು ವಾರ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬಾವು ಇಳಿದ ಮೇಲೆ ಬೆಳಗ್ಗೆ ಎದ್ದವಳೇ ಕನ್ನಡಿಯ ಮುಂದೆ ನಿಲ್ಲುವಳು. ಮುಖವನ್ನು ಎಡಕ್ಕೆ ತಿರುಗಿಸುವಳು, ಬಲಕ್ಕೆ ತಿರುಗಿಸುವಳು.

"ಕುಛ್ ನಹೀ ಹುವಾ ಅಬ್ಬಾ. ಹಂಗೇ ಅದಾವ."

"ಡಾಕ್ಟರು ಫೋಟೋ ತೋರಿಸಿದ್ರಲ್ಲ, ಎಷ್ಟ್ ಕಡಿಮಿ ಆಗ್ಯಾವ."

"ಫೋಟೋದಾಗ ಲೈಟ್ ಬದಲಿ ಮಾಡ್ಯಾರ. ಎಲ್ಲಾರೂ ಹಂಗೇ ಮಾಡ್ತಾರ."

ಕನ್ನಡಿಗೆ ಎದುರು ವಾದ ಮಾಡುವುದು ಹೇಗೆ? ಗೌಸನ ಮಂಜುಗಣ್ಣಿಗಂತೂ ಮಗಳ ಮುಖ ಎಂದಿನಿಂದಲೂ ಚಂದವಾಗಿಯೇ ಕಾಣುತ್ತಿತ್ತು, ಆದ್ದರಿಂದ ಆ ಮನೆಯಲ್ಲಿ ಅವನ ಸಾಕ್ಷಿ ನಡೆಯುತ್ತಿರಲಿಲ್ಲ.

ಇಷ್ಟರಲ್ಲಿ ಮಲಾಡ್ ಸ್ಟೇಷನ್ ರಸ್ತೆಯ ಒಂದು ಚಷ್ಮಾ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವಳು ಬಹಳ ದಿನದಿಂದ ಆಸೆಪಟ್ಟ ಕೆಲಸ. ಕಣ್ಣು ಪರೀಕ್ಷೆಯ ಡಿಪ್ಲೊಮಾ ಓದುವಾಗಲೇ ಅಪ್ಪ, ಅಮ್ಮಿ, ಶರಣವ್ವ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಕ್ಯಾಲೆಂಡರಿನ ಅಂಕಿ ಓದಿಸಿದವಳು. ಮೂರು ವಾರ ಹಿಂದಿನ ಕೋಣೆಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು, ಅದರ ಕಡ್ಡಿ ಬಗ್ಗಿಸುವುದು ಕಲಿತಳು. ಮಾಲೀಕ ರೋಶನ್ ಸಾಹೇಬರಿಗೆ ಅವಳ ಕೈ ಹಿಡಿಸಿತು. ಗುರುವಾರ ಕರೆದು ಹೇಳಿದರು: ಸೋಮವಾರದಿಂದ ನೀನು ಕೌಂಟರಿಗೆ ಬಾ. ಮಾಸ್ಕ್ ಮಾತ್ರ ಬೇಡ ಮಗಾ. ಗಿರಾಕಿಗೆ ಫ್ರೇಮ್ ಹಾಕುವಾಗ ನಿನ್ನ ಮುಖ ನೋಡಿ ಅವನಿಗೆ ಧೈರ್ಯ ಬರಬೇಕು.

ಗಿರಾಕಿಯ ಮುಖಕ್ಕೂ ತನ್ನ ಮುಖಕ್ಕೂ ನಡುವೆ ಒಂದು ಗೇಣು. ಸುತ್ತ ನಾಲ್ಕೂ ಗೋಡೆಗೆ ಕನ್ನಡಿ. ಶಬ್ರೀನ ಮನೆಗೆ ಬಂದವಳೇ ದುಪಟ್ಟಾ ಎಳೆದುಕೊಂಡು ಮಲಗಿದಳು.

ಶುಕ್ರವಾರ ಬೆಳಗ್ಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದು, ತಂದೆ ತಾಯಿ ಇಬ್ಬರಿಗೂ ಕೇಳುವಂತೆ ಅಂದಳು: "ನಾ ಹೋಗಾಂಗಿಲ್ಲ. ನೌಕ್ರಿ ನಕ್ಕೋ, ಸೂಜಿನೂ ನಕ್ಕೋ. ನಾಳೆ ರೋಶನ್ ಸರ್‌ಗೆ ಮೆಸೇಜ್ ಹಾಕ್ತೀನಿ, ಬ್ಯಾರೆಯವ್ರನ್ನ ನೋಡ್ಕೋರಿ ಅಂತ."

ಅಮೀರುನ್ನೀಸಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗೌಸ ಗಡ್ಡ ಕತ್ತರಿಸಿಕೊಳ್ಳಲೆಂದು ಕತ್ತರಿ ಹಿಡಿದು ಅವಳ ಹಿಂದೆ ಕಾಯುತ್ತಿದ್ದ. ಕತ್ತರಿ ಕೆಳಗಿಟ್ಟು, "ಸರಿ ಬೇಟಾ, ನೀ ಮೊದ್ಲು ನಾಷ್ಟಾ ಮಾಡು" ಅಂದ. ತನ್ನ ಮಾತು ತನಗೇ ಪುಟ್ಟಿಯಂತೆ ಕೇಳಿಸಿತು.

ಶನಿವಾರ ಬೆಳಗ್ಗೆ ಗ್ಯಾರೇಜಿಗೆ ಹಿರಿಯಣ್ಣನವರು ಕಾರು ಒಯ್ಯಲು ಬಂದರು. ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ಆಫೀಸರು, ಕಾಂದಿವಲಿಯಲ್ಲಿ ಮನೆ. ಅವರ ಕಪ್ಪು ಕಾರಿನ ಎಡಮಗ್ಗುಲನ್ನು ಯಾವುದೋ ಟೆಂಪೋ ಉಜ್ಜಿಕೊಂಡು ಹೋಗಿತ್ತು. ಗೌಸ ನಾಲ್ಕು ದಿನ ಬಡಿದು ಎಬ್ಬಿಸಿದ್ದ, ಅವನ ಪಾಲುದಾರ ಮೋನಪ್ಪ ಬಣ್ಣ ಹೊಡೆದಿದ್ದ. ಕಾರು ಇನ್ನೂ ಒಳಗೆ ಟ್ಯೂಬ್‌ಲೈಟಿನ ಪಕ್ಕದಲ್ಲೇ ನಿಂತಿತ್ತು. ಕೊನೆಯ ಪರೀಕ್ಷೆಗೆಂದು ಗೌಸ ಇಟ್ಟುಕೊಂಡ ದೀಪ ಅದು. ಗೋಡೆಗೆ ನೆಟ್ಟಗೆ ನಿಲ್ಲಿಸಿದ್ದು. ಬೆಳಕು ಎದುರಿನಿಂದ ಬೀಳದೆ ಪತ್ರಾ ತಗಡಿನ ಮಗ್ಗುಲನ್ನು ಸವರಿಕೊಂಡು ಹೋಗುವುದರಿಂದ, ಕೂದಲೆಳೆಯಷ್ಟು ತಗ್ಗಿದ್ದರೂ ಒಂದು ಕಡೆ ನೆರಳು ಕೂತು ಬಾವಿಯ ಹಾಗೆ ಕಾಣುತ್ತಿತ್ತು.

ಹಿರಿಯಣ್ಣನವರು ಬಗ್ಗಿ ನೋಡಿದರು. "ಏನ್ರೀ ಗೌಸ್, ಇನ್ನೂ ಹಳ್ಳಕೊಳ್ಳ ಹಾಗೇ ಇದೆಯಲ್ರೀ! ನಾಲ್ಕು ದಿನ ಏನ್ಮಾಡಿದ್ರಿ?"

"ಸಾಹೇಬ್ರ, ಅದು..." ಎಂದು ಗೌಸ ತಡವರಿಸುವುದರೊಳಗೆ, ಕೈಗೆಲ್ಲ ಬಣ್ಣ ಮೆತ್ತಿಕೊಂಡ ಮೋನಪ್ಪ ಹಿಂದಿನಿಂದ ಕೂಗಿದ.

"ಎಂತ ಮಾರಾಯಾ ಗೌಸ್, ನಿನಗೆ ಎಷ್ಟು ಸಲ ಹೇಳುವುದು? ಆ ಟ್ಯೂಬ್ ಇರುವುದು ನಿನಗೆ ಕೆಲಸ ಮಾಡಲಿಕ್ಕೆ, ಗಿರಾಕಿಗೆ ತೋರಿಸಲಿಕ್ಕೆ ಅಲ್ಲ! ಗಾಡಿಯನ್ನು ಹೊರಗೆ ತೆಗಿ. ರಸ್ತೆಯಲ್ಲಿ ಯಾರಾದರೂ ಪಕ್ಕದಲ್ಲಿ ಟ್ಯೂಬ್‌ಲೈಟ್ ಹಿಡಿದುಕೊಂಡು ಗಾಡಿ ನೋಡ್ತಾರಾ? ಅದರ ಎದುರು ಶೋರೂಮಿನ ಹೊಸ ಗಾಡಿ ನಿಲ್ಲಿಸಿದರೂ ಹೊಂಡವೇ ಕಾಣುವುದು!"

ಕಾರನ್ನು ಹೊರಗೆ ತಳ್ಳಿದರು. ಬೆಳಗಿನ ಬೆಳಕಿನಲ್ಲಿ ಎಡಮಗ್ಗುಲು ಎರೆದ ಎಣ್ಣೆಯ ಹಾಗೆ ನಿಂತಿತು. ಹಿರಿಯಣ್ಣನವರು ಅದರಲ್ಲಿ ತಮ್ಮ ತಲೆಗೂದಲು ಸರಿಮಾಡಿಕೊಂಡು, "ಅಯ್ಯೋ, ಚೆನ್ನಾಗಿದೆಯಲ್ರೀ!" ಅಂದರು.

ಗೌಸ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಒಳಗಿನ ಟ್ಯೂಬನ್ನೇ ನೋಡುತ್ತ ನಿಂತಿದ್ದ. ಇಂಥದ್ದೇ ಇನ್ನೊಂದು ಮನೆಯಲ್ಲಿತ್ತು. ಒಂಬತ್ತು ವರ್ಷದ ಹಿಂದೆ ಅವರಿದ್ದ ಹಳೆಯ ಚಾಳನ್ನು ಒಡೆದು ಬಿಲ್ಡಿಂಗ್ ಕಟ್ಟಿ ನಾಲ್ಕನೇ ಮಾಳಿಗೆಯಲ್ಲಿ ವಾಸಕ್ಕೆ ಖೋಲಿ ಕೊಟ್ಟಾಗ ಅವನೇ ಕೈಯಾರೆ ಹಾಕಿದ್ದು. ಮೂಲೆಗೆ ಕನ್ನಡಿ. ಅದರ ಬಲಗಡೆಯ ಗೋಡೆಗೆ, ಸರಿಯಾಗಿ ಕೆನ್ನೆಯ ಎತ್ತರಕ್ಕೆ, ನೆಟ್ಟಗೆ ಟ್ಯೂಬ್‌ಲೈಟು. ಗಡ್ಡದ ಒಂದು ಕೂದಲೂ ತಪ್ಪಿಸಿಕೊಳ್ಳಬಾರದು ಅಂತ.

"ಯಾ ಅಲ್ಲಾ," ಅಂದ ಗೌಸ. "ಮೋನಪ್ಪಾ, ಸ್ಕ್ರೂಡ್ರೈವರ್ ಕೊಡು."

"ಎಂತಕ್ಕೆ?"

"ಒಂಬತ್ತು ವರ್ಷ ಆತೋ! ನನ್ನ ಕೂಸಿನ ಮುಖಕ್ಕ ಡೆಂಟಿಂಗ್ ಲೈಟ್ ಹಿಡದೀನಿ!"

ಮೋನಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಕೊಟ್ಟ.

ಮೂರು ಗಲ್ಲಿ ದಾಟಿ, ಲಿಫ್ಟ್ ಕೆಟ್ಟಿದ್ದರಿಂದ ನಾಲ್ಕು ಮಾಳಿಗೆ ಹತ್ತಿ ಏದುಸಿರು ಬಿಡುತ್ತ ಗೌಸ ಬಾಗಿಲಿಗೆ ಬಂದಾಗ ಅಮೀರುನ್ನೀಸಾ ಅಕ್ಕಿ ಆರಿಸುತ್ತಿದ್ದಳು. ಶರಣವ್ವ ಎದುರಿಗೆ ಕೂತು ಹೊಸದೊಂದು ಮದ್ದಿನ ಗುಣಗಾನ ಮಾಡುತ್ತಿದ್ದಳು. ಶಬ್ರೀನ ಗೋಡೆಯ ಕಡೆ ಮುಖ ಮಾಡಿ ಮಲಗಿ ಫೋನ್ ಒತ್ತುತ್ತಿದ್ದಳು.

"ಮೆಸೇಜ್ ಹಾಕಿಬಿಟ್ಟ್ಯಾ?"

"ಬರೀಲಾಕತ್ತೀನಿ."

"ಹಾಕಬ್ಯಾಡ. ಒಂದ್ ಐದ್ ನಿಮಿಷ ತಡಿ. ನಿನ್ನ ಕಾಲ್ ಬೀಳ್ತೀನಿ."

ಅಪ್ಪ ಇಂಥ ಮಾತನ್ನು ಎಂದೂ ಆಡಿದವನಲ್ಲ. ಶಬ್ರೀನ ಎದ್ದು ಕೂತಳು. ಗೌಸ ಟ್ಯೂಬ್‌ಲೈಟ್ ಹಾಕಿದ. ಆಮೇಲೆ ಹೆಂಡತಿಯ ಮೊಣಕೈ ಹಿಡಿದು ಎಬ್ಬಿಸಿದ.

"ಏನ್ರೀ ಇದು! ಅಕ್ಕಿ ಚೆಲ್ತಾವು!"

"ಚೆಲ್ಲಲಿ. ಇಲ್ಲಿ ನಿಂದರು. ಚಂದಗೆ ಹತ್ತಿರ ಹೋಗು. ಈಗ ಕನ್ನಡಿ ನೋಡು, ಮಗಳು ನೋಡ್ತಾಳಲ್ಲ ಹಂಗ, ಒಂದ್ ಕೆನ್ನಿ ತಿರುಗಿಸಿ."

ಅಮೀರುನ್ನೀಸಾಳ ಮುಖ ಆ ಬಿಲ್ಡಿಂಗಿನಲ್ಲೇ ಹೆಸರಾದದ್ದು. ನಲವತ್ತಾರಾದರೂ ಒಂದು ಕಲೆ ಇಲ್ಲ, ಬೆಣ್ಣೆ ಸವರಿದ ಹಾಗೆ. ಕನ್ನಡಿಯನ್ನು ಅವಳು ದಿನಕ್ಕೊಂದು ಸಲ ಬೈತಲೆ ತೆಗೆಯಲು ನೋಡಿದರೆ ಹೆಚ್ಚು, ಅದೂ ಕಿಟಕಿಯ ಬೆಳಕಿನಲ್ಲಿ. ಈಗ ಕೆನ್ನೆ ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿದವಳು ಎರಡು ಹೆಜ್ಜೆ ಹಿಂದೆ ಹಾರಿದಳು.

"ಅಯ್ಯೋ ಅಲ್ಲಾ! ಇದೇನ್ರೀ ಇದು ನನ್ನ ಮುಖ! ಸಿಡುಬು ಎದ್ದವ್ರಂಗ ಕಾಣ್ತೈತಿ!"

"ಆ ಕಡೆ ಸರಿ ಅಕ್ಕಾ, ನಾ ನೋಡ್ತೀನಿ," ಎಂದು ಶರಣವ್ವ ಸೆರಗು ಸಿಕ್ಕಿಸಿಕೊಂಡು ನುಗ್ಗಿದಳು. ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿದಳು. ಆಮೇಲೆ, "ಯವ್ವಾ ಯವ್ವಾ! ಇದು ಮುಖನೋ, ನೇಗಿಲ ಹೊಡ್ದ ಹೊಲನೋ? ನಿನ್ನೆ ತನಕ ಛಂದ ಇದ್ದೆನಲ್ಲೋ ಗೌಸಣ್ಣ!"

"ಲಿಂಬಿಹಣ್ಣ ತಿಕ್ಕೋ ಶರಣಕ್ಕಾ, ಹೋಗ್ತದ," ಅಂದ ಗೌಸ.

ಆಗ ಹಿಂದಿನಿಂದ ಒಂದು ಸದ್ದು ಬಂತು. ಶಬ್ರೀನ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅತ್ತಳೇನೋ ಎಂದು ಗೌಸ ಗಾಬರಿಯಾಗಿ ತಿರುಗಿದ. ಅಲ್ಲ, ಅವಳ ಭುಜ ಕುಣಿಯುತ್ತಿದ್ದದ್ದು ನಗುವಿಗೆ.

ಗೌಸ ತಾನೂ ಕನ್ನಡಿಯ ಮುಂದೆ ನಿಂತು, ತನ್ನ ಮೂಗಿನ ಮೇಲಿನ ಸಣ್ಣ ರಂಧ್ರಗಳೂ ಕುಣಿಗಳಂತೆ ಕಾಣುವುದನ್ನು ತೋರಿಸಿ, ಟ್ಯೂಬಿನ ಕತೆ ಹೇಳಿದ. ಹಿರಿಯಣ್ಣನವರ ಕಾರು, ಮೋನಪ್ಪನ ಬೈಗುಳ, ಎಲ್ಲ. "ತಪ್ಪು ನಂದು ಬೇಟಾ. ಗ್ಯಾರೇಜಿಂದು ತಂದು ಮನ್ಯಾಗ ಹಾಕಿದೆ. ಇದರ ಕೆಲ್ಸಾನ ತಗ್ಗು ಹುಡುಕೂದು. ಇದಕ್ಕ ಬ್ಯಾರೆ ಏನೂ ಬರಂಗಿಲ್ಲ."

ಸ್ಕ್ರೂಡ್ರೈವರಿನಿಂದ ಕನ್ನಡಿಯನ್ನೇ ಗೋಡೆಯಿಂದ ಬಿಚ್ಚಿದ. ಎದೆಗೆ ಅವಚಿಕೊಂಡು ಹೊರಗೆ ಮನೆಗಳ ಮುಂದಿನ ಗ್ಯಾಲರಿಗೆ ಒಯ್ದ. ಬಿಸಿಲು ಬೀಳದ ಮಗ್ಗುಲು ಅದು, ತೆರೆದ ಆಕಾಶದ ಬೆಳಕು ಮುಖದ ಎದುರಿನಿಂದಲೇ ಬರುತ್ತಿತ್ತು. ಗ್ಯಾಲರಿಯ ಕಟ್ಟೆಗೆ ಬೆನ್ನು ಕೊಟ್ಟು, ಕನ್ನಡಿಯನ್ನು ಹೊಟ್ಟೆಯ ಮೇಲೆ ನಿಲ್ಲಿಸಿ ಹಿಡಿದುಕೊಂಡು ಕೂಗಿದ: "ಬಾ."

"ಮಾಸ್ಕ್ ಹಾಕ್ಕೊಂಡ್ ಬರ್ತೀನಿ," ಎಂದಳು ಒಳಗಿನಿಂದ.

"ಮಾಸ್ಕಿನ ಮುಖಾ ನಾ ದಿನಾ ನೋಡ್ತೀನಿ."

ಅವಳು ಬಾಗಿಲಲ್ಲಿ ನಿಂತಳು. ಗ್ಯಾಲರಿಯ ಆ ತುದಿ ಈ ತುದಿ ನೋಡಿದಳು. ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೆಲ್ಲಗೆ ಬಂದು ಕನ್ನಡಿಯ ಮುಂದೆ ನಿಂತಳು. ಗೌಸನಿಗೆ ಕನ್ನಡಿಯ ಬೆನ್ನು ಮಾತ್ರ ಕಾಣುತ್ತಿತ್ತು, ಅದರ ಮೇಲಂಚಿನಲ್ಲಿ ಮಗಳ ಕಣ್ಣು. ಆ ಕಣ್ಣು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಮತ್ತೆ ಎಡಕ್ಕೆ. ಅವಳ ಒಂದು ಬೆರಳು ಮೇಲೆ ಬಂದು ಕೆನ್ನೆಯನ್ನು ಮುಟ್ಟಿತು, ಒಂದೊಂದೇ ಜಾಗ, ಹಳೆಯ ಮನೆಗಳ ಬಾಗಿಲು ತಟ್ಟಿದ ಹಾಗೆ.

ಗೌಸನ ತೋಳು ನೋಯತೊಡಗಿತು. ಅಲುಗಾಡಲಿಲ್ಲ.

"ಅಬ್ಬಾ."

"ಹೂಂ."

"ಇಲ್ಲಿ ಒಂದು ದೊಡ್ಡದಿತ್ತು. ಕಣ್ಣಿನ ಕೆಳಗೆ. ಅದು... ಎಲ್ಲಿ ಹೋತು?"

"ಡಾಕ್ಟರ್ ಎಬ್ಬಿಸ್ಯಾರ."

"ಈ ಕಡೆ ನಾಕು ಇದ್ದುವು. ಒಂದ, ಎರಡು... ಅವೂ ಹಲ್ಕಾ ಆಗ್ಯಾವ." ದನಿ ಏರಿತು. "ಅಮ್ಮಿ! ಅಮ್ಮಿ, ಇಧರ್ ಆ! ಫೋಟೋ ಸಚ್ಚಿ ಥಾ! ಡಾಕ್ಟರ್ ಸುಳ್ಳು ಹೇಳಿಲ್ಲ!"

ಅಮೀರುನ್ನೀಸಾ ಓಡಿ ಬಂದಳು. ಅವಳ ಹಿಂದೆ ಶರಣವ್ವ. ಇಬ್ಬರೂ ಶಬ್ರೀನಳ ಆಚೆ ಈಚೆ ತಲೆ ತೂರಿಸಿ ಮೊದಲು ತಮ್ಮ ತಮ್ಮ ಮುಖ ನೋಡಿಕೊಂಡರು. ಕಳೆದುಹೋದ ಚೆಲುವು ತಿರುಗಿ ಬಂದಿತ್ತು. ಶರಣವ್ವ ದೊಡ್ಡದಾಗಿ ಉಸಿರು ಬಿಟ್ಟು, "ಉಳಕೊಂಡೆ ಬಿಡವಾ" ಅಂದಳು. ಆಮೇಲೆ ಹುಡುಗಿಯ ಗಲ್ಲ ಹಿಡಿದು ತಿರುಗಿಸಿ ನೋಡಿ, ಎಂಟು ವರ್ಷದಲ್ಲಿ ಮೊದಲ ಸಲ, ಯಾವ ಮದ್ದನ್ನೂ ಹೇಳಲಿಲ್ಲ.

"ಇಷ್ಟು ದಿನ ಮಂದಿ ಕಣ್ಣು ಪರೀಕ್ಷೆ ಮಾಡ್ತೀನಿ ಅಂತಿದ್ದಿ," ಎಂದು ಅಮೀರುನ್ನೀಸಾ ಮಗಳ ತಲೆಗೆ ಮೊಟಕಿದಳು. "ಮನ್ಯಾಗಿನ ಲೈಟ್ ನಿನಗ ಕಾಣ್ಲಿಲ್ಲ?"

"ಅಬ್ಬಾ ಹಾಕಿದ್ದು ಅಂದ್ರ ಸರೀನೇ ಇರ್ತದ ಅನ್ಕೊಂಡೆ."

ಆ ಮಾತಿಗೆ ಗೌಸ ಕನ್ನಡಿಯ ಹಿಂದೆ ಮುಖ ಮರೆಸಿಕೊಂಡ.

ಅವಳು ಫೋನ್ ತೆಗೆದು ಬರೆದದ್ದನ್ನೆಲ್ಲ ಅಳಿಸಿದಳು. ಸೋಮವಾರ ಹತ್ತಕ್ಕೆ ಬರ್ತೀನಿ ಸರ್, ಎಂದು ಬರೆದು, ಮತ್ತೊಮ್ಮೆ ಕನ್ನಡಿ ನೋಡಿ, ಕಳಿಸಿದಳು.

ಆ ಮಧ್ಯಾಹ್ನವೇ ಟ್ಯೂಬ್‌ಲೈಟ್ ಗೋಡೆಯಿಂದ ಇಳಿದು ಗ್ಯಾರೇಜಿಗೆ ಹೋಯಿತು. ಕನ್ನಡಿ ಕಿಟಕಿಯ ಎದುರಿಗೆ ಬಂತು.

ಸೋಮವಾರ ಬೆಳಗ್ಗೆ ಅವಳು ಮಾಸ್ಕನ್ನು ಪರ್ಸಿನೊಳಗೆ ಇಟ್ಟುಕೊಂಡೇ ಹೋದಳು, ಎಲ್ಲಾದರೂ ಬೇಕಾದೀತು ಎಂದು. ಸಂಜೆ ಬಂದಾಗ ಅದು ಮಡಿಸಿದ ಹಾಗೇ ಇತ್ತು.

ಎರಡು ವಾರ ಬಿಟ್ಟು ಒಂದು ಮಧ್ಯಾಹ್ನ ಗೌಸ ಕೈಕಾಲು ತೊಳೆದು, ಇಸ್ತ್ರಿ ಅಂಗಿ ಹಾಕಿ, ಜೋಗೇಶ್ವರಿಯಲ್ಲಿ ಲೋಕಲ್ ಹತ್ತಿ ಮಲಾಡಿನಲ್ಲಿ ಇಳಿದ. ಚಷ್ಮಾ ಅಂಗಡಿಯ ಗಾಜಿನ ಬಾಗಿಲಾಚೆ ನಿಂತು ಮೊದಲು ಇಣುಕಿದ. ಒಬ್ಬ ಅಜ್ಜಿಯ ಮೂಗಿನ ಮೇಲೆ ಶಬ್ರೀನ ಫ್ರೇಮ್ ಕೂರಿಸುತ್ತಿದ್ದಳು. ಇಬ್ಬರ ಮುಖದ ನಡುವೆ ಒಂದೇ ಗೇಣು. ಅಜ್ಜಿ ಏನೋ ಹೇಳಿದಳು, ಶಬ್ರೀನ ಹಲ್ಲೆಲ್ಲ ಕಾಣುವಂತೆ ನಕ್ಕಳು. ಅವಳ ನಗು ನಾಲ್ಕೂ ಗೋಡೆಯ ಕನ್ನಡಿಗಳಲ್ಲಿ ಒಟ್ಟಿಗೇ ಕಂಡಿತು. ಗೌಸನಿಗೆ ಯಾವ ಕಡೆ ನೋಡಬೇಕೋ ತಿಳಿಯಲಿಲ್ಲ.

ಅಜ್ಜಿ ಎದ್ದ ಮೇಲೆ ಅವನು ಹೋಗಿ ಆ ಸ್ಟೂಲಿನ ಮೇಲೆ ಕೂತ.

"ಅಬ್ಬಾ! ನೀ?"

"ಗಿರಾಕಿ ಬಂದಾನ. ಚಷ್ಮಾ ಬೇಕಂತ."

ಕ್ಯಾಷ್ ಕೌಂಟರಿನಿಂದ ರೋಶನ್ ಸಾಹೇಬರು ತಲೆ ಎತ್ತಿ ನೋಡಿದರು. ಶಬ್ರೀನ ಗಂಭೀರಳಾಗಿ ಅಪ್ಪನ ಕಣ್ಣು ಪರೀಕ್ಷಿಸಿದಳು, ಅಕ್ಷರ ಓದಿಸಿದಳು, ಓದಲಾರದ್ದಕ್ಕೆ ಬೈದಳು. ಪರೀಕ್ಷೆಯ ಫ್ರೇಮಿಗೆ ಗಾಜು ಸಿಕ್ಕಿಸಿ ಅವನ ಮೂಗಿನ ಮೇಲಿಟ್ಟಳು.

ಮಂಜು ಸರಿಯಿತು. ಎಷ್ಟೋ ವರ್ಷದ ಮೇಲೆ ಗೌಸ ಮಗಳ ಮುಖವನ್ನು ಹತ್ತಿರದಿಂದ, ಗೆರೆ ಗೆರೆಯಾಗಿ ನೋಡಿದ. ಅವನ ಕಣ್ಣು ಅಭ್ಯಾಸಬಲದಿಂದ ಕೆನ್ನೆಯ ಮೇಲೆ ಸರಿದಾಡಿತು.

"ಕಾಣ್ತಾವೇನು?" ಎಂದು ಅವಳು ಕೇಳಿದಳು. ಮುಖ ತಿರುಗಿಸಲಿಲ್ಲ.

ಅವನು ದಂಧೆಯಲ್ಲಿ ಸುಳ್ಳು ಹೇಳಿದವನಲ್ಲ. "ಕಾಣ್ತಾವ. ಎಡಕ್ಕ ಮೂರು, ಬಲಕ್ಕ ಎರಡು. ಹಗೂರ ಅದಾವ."

"ಹೂಂ. ಆರನೇ ಸೂಜಿ ಮುಂದಿನ ಗುರುವಾರ." ಅವಳು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹುಬ್ಬು ಗಂಟಿಕ್ಕಿದಳು. "ಈಗ ನಂದು ಬಿಡು. ನಿನ್ನ ಗಡ್ಡ ನೋಡ್ಕೊಂಡೀ ಏನು?"

ಎದುರಿನ ಕನ್ನಡಿಯಲ್ಲಿ ಗೌಸ ನೋಡಿಕೊಂಡ. ಟ್ಯೂಬ್‌ಲೈಟ್ ಇಲ್ಲದೆ ಎರಡು ವಾರ ಕತ್ತರಿ ಆಡಿಸಿದ ಗಡ್ಡ ಬಲಗಡೆ ಒಂದು ಬೆರಳು ಗಿಡ್ಡ, ಎಡಗಡೆ ಒಂದು ಬೆರಳು ಉದ್ದ, ನಡುವೆ ಆಡು ಮೇಯ್ದ ಹಾಗೆ.

"ಇದನ್ನ ಹಚಗೊಂಡು ಲೋಕಲ್‌ನಾಗ ಬಂದ್ಯಾ ಅಬ್ಬಾ?"

"ಎಲ್ಲಾರೂ ನೋಡಿ ನಗಲಾಕತ್ತಿದ್ರು. ನನ್ನ ಇಸ್ತ್ರಿ ಅಂಗಿ ನೋಡಿ ಅನ್ಕೊಂಡೆ!"

ಶಬ್ರೀನ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ ಪರ್ಸಿಗೆ ಕೈಹಾಕಿ, ಮಡಿಸಿದ ಹಾಗೇ ಇದ್ದ ಮಾಸ್ಕನ್ನು ತೆಗೆದು ಅಪ್ಪನ ಮುಂದೆ ಹಿಡಿದಳು. "ತಗೋ. ಮನಿ ಮುಟ್ಟೂ ತನಕ ಹಾಕ್ಕೊಂಡ್ ಹೋಗು."